ಹದಿನಾಲ್ಕು ಮೆಟ್ಟಿಲು, ತೊಂಬತ್ತು ಸೆಕೆಂಡು

ಚೆನ್ನೈ
6 ಜನವರಿ 2025

ಶ್ರೀ ಕುಳ್ಳಯ್ಯನವರಿಗೆ ನಮಸ್ಕಾರ.

ನನ್ನ ಹೆಸರು ಸಹನ. ಇಲ್ಲಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಕಟ್ಟಡಕ್ಕೆ ಬೆಂಕಿ ಬಿದ್ದಾಗ ಹೊಗೆ ಹೇಗೆ ಹರಡುತ್ತದೆ, ಆ ಹೊಗೆಯಲ್ಲಿ ಜನರಿಗೆ ಎಷ್ಟು ದೂರ ಕಣ್ಣು ಕಾಣುತ್ತದೆ, ಎಷ್ಟು ಹೊತ್ತಿನಲ್ಲಿ ಅವರು ಹೊರಗೆ ಬರಬಹುದು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಹೋದ ವರ್ಷ ಫೆಬ್ರವರಿ 11ರಂದು ಕೆ.ಆರ್. ಪೇಟೆಯ ಛತ್ರದಲ್ಲಿ ಮದುವೆ ನಡೆಯುವಾಗ ಬಿದ್ದ ಬೆಂಕಿಯನ್ನು ಈಗ ಹಾಗೆ ಲೆಕ್ಕ ಹಾಕುತ್ತಿದ್ದೇನೆ. ಜಿಲ್ಲಾ ಸಮಿತಿಯವರು ನಮ್ಮ ಪ್ರೊಫೆಸರರಿಂದ ವರದಿ ಕೇಳಿದ್ದಾರೆ. ಮಾರ್ಚ್ 31ಕ್ಕೆ ಕೊಡಬೇಕು. ಛತ್ರವನ್ನು ಮತ್ತೆ ತೆರೆಯುವ ತೀರ್ಮಾನ ಅದರ ಮೇಲಿದೆ.

ನಿಮಗೆ ಫೋನ್ ಮಾಡಿದ್ದೆ. ನಿಮ್ಮ ಮನೆಯವರು, "ಅವ್ರಿಗೆ ದನಿ ಇಲ್ಲ ಕಣವ್ವ, ಏನಿದ್ರೂ ಕಾಗ್ದ ಬರಿ, ಓದ್ತಾರೆ" ಎಂದರು. ಅದಕ್ಕೇ ಈ ಕಾಗದ.

ವೇದಿಕೆಯ ಅಲಂಕಾರಕ್ಕೆ ಬೆಂಕಿ ಹತ್ತಿದಾಗ ಕೆಳಗಿನ ಹಾಲಿನಲ್ಲಿ ಮುನ್ನೂರ ಹನ್ನೆರಡು ಜನ ಇದ್ದರು. ಹೆಚ್ಚಿನವರು ಮುಂಬಾಗಿಲಿನಿಂದ ಹೊರಗೆ ಬಂದರು. ಆರು ಜನ ಮಾತ್ರ ಹಿಂದಿನ ಹದಿನಾಲ್ಕು ಮೆಟ್ಟಿಲು ಹತ್ತಿ, ಊಟದ ಮನೆಯ ಮೂಲಕ ಅದೇ ಎತ್ತರದಲ್ಲಿರುವ ಹಿಂದಿನ ಬೀದಿಗೆ ಹೋಗಲು ನೋಡಿದರು. ಬಡಿಸುವವರ ಮೇಸ್ತ್ರಿಯಾಗಿದ್ದ ನೀವು ಅವರಲ್ಲಿ ಐವರನ್ನು ಎಳೆದು ಉಳಿಸಿದಿರಿ. ಎಲ್ಲರಿಗಿಂತ ಮುಂದಿದ್ದ ಪುಟ್ಟಗೌರಮ್ಮ ಎಂಬ ಐವತ್ತೆರಡು ವರ್ಷದ ಹೆಂಗಸು ತೀರಿಕೊಂಡರು.

ನನ್ನ ಲೆಕ್ಕದ ಪ್ರಕಾರ ಆ ಆರು ಜನ ಅರ್ಧ ನಿಮಿಷದಲ್ಲಿ ಮೇಲಿರಬೇಕಿತ್ತು. ಆದರೆ ಮದುವೆಯ ವಿಡಿಯೋ, ಹಿಂದಿನ ಬೀದಿಯ ಅಂಗಡಿಯ ಕ್ಯಾಮೆರಾ ಎರಡನ್ನೂ ಜೋಡಿಸಿ ನೋಡಿದರೆ ಎರಡು ನಿಮಿಷವಾಗಿದೆ. ತೊಂಬತ್ತು ಸೆಕೆಂಡು ಎಲ್ಲಿ ಹೋಯಿತೋ ಗೊತ್ತಾಗುತ್ತಿಲ್ಲ. ಬದುಕಿದವರು, "ಮುಂದಿದ್ದ ದಪ್ಪನೆ ಹೆಂಗಸು ಕದಲಲಿಲ್ಲ" ಎಂದು ಹೇಳಿದ್ದಾರೆ. ಸಮಿತಿಯೂ ಹಾಗೆಯೇ ಬರೆದುಕೊಂಡಿದೆ. ತಪ್ಪನ್ನು ಸತ್ತವರ ತಲೆಗೆ ಕಟ್ಟುವ ಮುಂಚೆ ನನಗೆ ಖಾತ್ರಿಯಾಗಬೇಕು.

ಹೊಗೆ ಯಾವ ಬಣ್ಣದ್ದಿತ್ತು, ಮೆಟ್ಟಿಲಲ್ಲಿ ಎಷ್ಟು ದೂರ ಕಾಣುತ್ತಿತ್ತು, ಮೇಲಿನ ಬಾಗಿಲು ತೆರೆದಿತ್ತೇ, ದಯವಿಟ್ಟು ಬರೆಯಿರಿ.

ಸಹನ


ಚಿನಕುರಳಿ
19 ಜನವರಿ 2025

ಮೇಡಂ ಅವರಿಗೆ ಕುಳ್ಳಯ್ಯ ಕೈಮುಗಿದು ಬರೆಯುವುದು.

ನನಗೆ ಕಾಗದ ಬಂದು ಎಷ್ಟು ಕಾಲವಾಗಿತ್ತೆಂದರೆ, ಪೋಸ್ಟ್‌ಮ್ಯಾನು ಬಾಗಿಲಲ್ಲೇ ನಿಂತು, "ಏನ್ ಕುಳ್ಳಯ್ಯ, ಕೋರ್ಟ್ ನೋಟೀಸಾ?" ಎಂದು ಕೇಳಿದ. ನನ್ನ ಹೆಂಡತಿ ಪುಟ್ಟಲಕ್ಷ್ಮಮ್ಮ ಅವನಿಗೆ ಸರಿಯಾಗಿ ಮಂಗಳಾರತಿ ಮಾಡಿ ಕಳಿಸಿದಳು.

ನನ್ನ ದನಿ ಆ ಹೊಗೆಯಲ್ಲೇ ಹೋಯಿತು. ಈಗ ಪಿಸುಗುಟ್ಟಬಲ್ಲೆ, ಅಷ್ಟೆ. ಮೂವತ್ತು ವರ್ಷ ಪಂಕ್ತಿಯ ಈ ತುದಿಯಿಂದ ಆ ತುದಿಗೆ "ಅನ್ನ ಬರ್ಲಿ, ಸಾರು ಬರ್ಲಿ" ಎಂದು ಕೂಗಿದ ಗಂಟಲು ಇದು. ಮನೆ ಈಗ ತಣ್ಣಗಿದೆ ಎಂದು ಪುಟ್ಟಲಕ್ಷ್ಮಿ ಹೇಳುತ್ತಾಳೆ. ಹೇಳುವಾಗ ನಗುವುದಿಲ್ಲ.

ಹೊಗೆ ಕಪ್ಪಗಿತ್ತು. ಸೌದೆಯ ಹೊಗೆಯಲ್ಲ, ಥರ್ಮಕೋಲು, ಪ್ಲಾಸ್ಟಿಕ್ ಹೂವು, ನೈಲಾನ್ ಪರದೆ ಸುಟ್ಟ ಹೊಗೆ. ಮೆಟ್ಟಿಲಿನ ಕೆಳಗಡೆ ಪರವಾಗಿರಲಿಲ್ಲ. ಮೇಲೆ ಹೋದಷ್ಟೂ ದಟ್ಟ. ನನ್ನ ಕೈ ನನಗೆ ಕಾಣಲಿಲ್ಲ. ಸೀರೆಯೋ ಪಂಚೆಯೋ ಸಿಕ್ಕಿದ್ದನ್ನು ಹಿಡಿದು ಎಳೆದೆ. ಐವರು ಬಂದರು. ಅವರನ್ನು ಬೀದಿಗೆ ಹಾಕಿ ವಾಪಸು ಹೋಗುವಷ್ಟರಲ್ಲಿ ಆರನೆಯವರಿಗೆ ಉಸಿರಿರಲಿಲ್ಲ.

ಮೇಲಿನ ಬಾಗಿಲು ತೆಗೆದೇ ಇತ್ತು. ಪೊಲೀಸರಿಗೂ ಹಾಗೆಯೇ ಬರೆಸಿದ್ದೇನೆ.

ತಾಲ್ಲೂಕಿನಲ್ಲಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅದು ಪೆಟ್ಟಿಗೆಯಲ್ಲಿದೆ. ನಿಮಗೆ ಇಷ್ಟು ಸಾಕಾಗಬಹುದು.

ಕುಳ್ಳಯ್ಯ


ಚೆನ್ನೈ
29 ಜನವರಿ 2025

ಕುಳ್ಳಯ್ಯನವರಿಗೆ,

ಮೇಲೆ ಹೋದಷ್ಟೂ ದಟ್ಟ ಎಂದು ಬರೆದಿರಲ್ಲ, ಅದನ್ನು ಓದಿ ನನ್ನ ಪ್ರೊಫೆಸರ್, "ಇವರನ್ನೇ ನಮ್ಮ ಲ್ಯಾಬಿಗೆ ಕರೆಸಿಬಿಡೋಣ" ಎಂದರು. ಬಿಸಿ ಹೊಗೆ ಮೆಟ್ಟಿಲಿನ ಜಾಗದಲ್ಲಿ ಮೇಲೇರಿ, ತುದಿಯಲ್ಲಿ ತುಂಬಿಕೊಂಡು, ಆಮೇಲೆ ಕೆಳಕ್ಕೆ ಇಳಿಯುತ್ತದೆ.

ನನ್ನ ಪರದೆಯ ಮೇಲೆ ಒಬ್ಬೊಬ್ಬರೂ ಒಂದೊಂದು ಚುಕ್ಕಿ. ಪ್ರತಿ ಚುಕ್ಕಿಗೂ ಒಂದು ವೇಗ ಕೊಡುತ್ತೇನೆ. ಹತ್ತು ಮೀಟರ್ ಕಾಣುವ ತನಕ ಜನ ಮಾಮೂಲಿನಂತೆ ನಡೆಯುತ್ತಾರೆ. ಮೂರು ಮೀಟರಿಗಿಂತ ಕಡಿಮೆಯಾದರೆ ಗೋಡೆ ತಡವುತ್ತಾರೆ, ಕೆಲವರು ತಿರುಗಿಬಿಡುತ್ತಾರೆ. ಆದರೆ ಬಾಗಿಲು ತೆರೆದಿದ್ದರೆ ಹೊಗೆ ಊಟದ ಮನೆಯೊಳಗೆ ಹರಿದು ತೆಳ್ಳಗಾಗಬೇಕು. ಮೊದಲ ಅರ್ಧ ನಿಮಿಷ ಮೇಲಿನ ಮೆಟ್ಟಿಲಲ್ಲೂ ಹತ್ತು ಮೀಟರ್ ಕಾಣಬೇಕಿತ್ತು. ನಿಮಗೆ ಕೈಯೇ ಕಾಣಲಿಲ್ಲ ಅನ್ನುತ್ತೀರಿ. ನನ್ನ ಹೊಗೆಯ ಅಂಕಿಯೇ ತಪ್ಪೋ ಏನೋ.

ಒಂದು ಉಪಕಾರ ಮಾಡಿ. ಅವತ್ತಿನಂಥ ಹೊಗೆಯಲ್ಲಿ ಒಂದು ಟ್ಯೂಬ್‌ಲೈಟು ಎಷ್ಟು ದೂರಕ್ಕೆ ಕಾಣಬಹುದು, ನೆನಪಿನಿಂದ ಅಂದಾಜು ಹೇಳಿ. ಮತ್ತೆ ಆ ಪುಟ್ಟಗೌರಮ್ಮನವರು. ಅವರು ನಿಜವಾಗಿಯೂ ದಾರಿಗೆ ಅಡ್ಡವಾಗಿದ್ದರೇ? ನೀವು ಕಂಡದ್ದನ್ನು ಹೇಳಿ.

ಸಹನ


ಚಿನಕುರಳಿ
14 ಫೆಬ್ರವರಿ 2025

ಸಹನವ್ವನಿಗೆ,

ಮೇಡಂ ಅನ್ನುವುದಕ್ಕೆ ನಾಲಿಗೆ ಏಳುವುದಿಲ್ಲ, ನನಗೆ ನಿನ್ನ ವಯಸ್ಸಿನ ಮಗಳಿದ್ದಾಳೆ. ನೀನು ಎಂದೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನೆನಪಿನಿಂದ ಅಂದಾಜು ಹೇಳುವ ಜಾಯಮಾನ ನನ್ನದಲ್ಲ. ನನ್ನ ಭಾಮೈದ ನರಸಯ್ಯನದು ಊರಾಚೆ ಆಲೆಮನೆ ಇದೆ, ಬೆಲ್ಲ ಬೇಯಿಸುತ್ತಾನೆ. ಅಲ್ಲಿಗೆ ಹೋಗಿ ಒಲೆಗೆ ರಸ ಹಿಂಡಿದ ಕಬ್ಬಿನ ಹಸಿ ರಚ್ಚು ತುಂಬಿಸಿದೆ. ಬಿಳಿ ಹೊಗೆ. ಅದರೊಳಗೆ ನಿಂತರೆ ಗೋಡೆಯ ಟ್ಯೂಬ್‌ಲೈಟು ಆರು ಮಾರು ದೂರಕ್ಕೂ ಮಸುಕಾಗಿ ಕಾಣುತ್ತದೆ. ಆಮೇಲೆ ಹಳೆಯ ಥರ್ಮಕೋಲು ಒಂದು ಹಿಡಿ ಹಾಕಿದೆ. ಒಂದೂವರೆ ಮಾರಿಗೇ ಲೈಟು ಕಾಣೆ. ನರಸಯ್ಯ ಓಡಿಬಂದು, "ಭಾವ, ನಿಂಗೇನ್ ತಲೆ ಕೆಟ್ಟದಾ? ಬೆಲ್ಲುಕ್ಕೆ ವಾಸ್ನೆ ಹತ್ಕತದೆ, ನಡಿ ಆಚಿಕೆ!" ಎಂದು ರಟ್ಟೆ ಹಿಡಿದು ಹೊರಗೆ ದಬ್ಬಿದ. ನನ್ನ ಒಂದು ಮಾರು ಅಂದರೆ ಐದೂಮುಕ್ಕಾಲು ಅಡಿ, ಟೇಪು ಹಿಡಿದು ಅಳೆಸಿದ್ದೇನೆ. ನಿನ್ನ ಕಂಪ್ಯೂಟರಿಗೆ ಹಾಕಿಕೋ. ಎರಡು ದಿನ ಕೆಮ್ಮಿದೆ, ಅಷ್ಟೆ.

ಇನ್ನೊಂದು ಕಂಡುಕೊಂಡೆ. ಹೊಗೆಯೊಳಗೆ ಕಣ್ಣು ಹೋದಮೇಲೆ ಕಿವಿ ಚುರುಕಾಗುತ್ತದೆ. ಯಾರೋ ಕೊಪ್ಪರಿಗೆ ತಟ್ಟುತ್ತಿದ್ದರು. ಆ ಸದ್ದಿಗೆ ನಾನು ಎರಡೂ ಕಿವಿ ಮುಚ್ಚಿಕೊಂಡೆ. ಇರಲಿ ಬಿಡು, ಇದು ಲೆಕ್ಕಕ್ಕೆ ಬೇಕಾದದ್ದಲ್ಲ.

ಆ ಹೆಂಗಸಿನ ವಿಷಯ ಹೆಚ್ಚು ಕೆದಕಬೇಡ. ಭಾರದ ಮೈ, ಮೊಣಕಾಲು ನೋವಿತ್ತಂತೆ. ಹತ್ತಲಾಗಲಿಲ್ಲವೇನೋ. ಎಲ್ಲರೂ ಹಾಗೇ ಹೇಳುವಾಗ ಹಾಗೇ ಇರಬೇಕು.

ಕುಳ್ಳಯ್ಯ


ಚೆನ್ನೈ
25 ಫೆಬ್ರವರಿ 2025

ಕುಳ್ಳಯ್ಯ ಮಾವನಿಗೆ,

ಇರುವ ಅರ್ಧ ಗಂಟಲನ್ನೂ ನನಗಾಗಿ ಸುಟ್ಟುಕೊಳ್ಳಬೇಡಿ. ಓದುವಾಗ ನಿಮ್ಮ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ನಿಮ್ಮ ಅಳತೆ ಹಾಕಿದೆ. ನನ್ನ ಹೊಗೆಯ ಅಂಕಿ ಸರಿಯಾಗಿಯೇ ಇದೆ. ತಪ್ಪಿರುವುದು ಜನರ ಕಡೆಯಲ್ಲಿ. ಆ ತೊಂಬತ್ತು ಸೆಕೆಂಡು ಬರಬೇಕೆಂದರೆ ಮೊದಲನೆಯ ಚುಕ್ಕಿಯ ವೇಗ ಇಳಿಸಬೇಕು. ಅರ್ಧ ಮಾಡಿದೆ. ಕಾಲು ಮಾಡಿದೆ. ಸಾಲಲಿಲ್ಲ. ಕೊನೆಗೆ ಮೇಲಿನ ಮೆಟ್ಟಿಲಿನಲ್ಲಿ ಅದಕ್ಕೆ ಸೊನ್ನೆ ಹಾಕಿದೆ, ಸಮಯ ಸರಿಹೋಯಿತು. ಅಂದರೆ ಆಕೆ ಮೆಲ್ಲಗೆ ಹತ್ತಿದ್ದಲ್ಲ. ಹದಿನಾಲ್ಕೂ ಮೆಟ್ಟಿಲು ಹತ್ತಿ, ತೆರೆದ ಬಾಗಿಲ ಮುಂದೆ ಬಂದು, ಅಲ್ಲಿ ತೊಂಬತ್ತು ಸೆಕೆಂಡು ಸುಮ್ಮನೆ ನಿಂತಿದ್ದಾರೆ.

ತೆರೆದ ಬಾಗಿಲ ಮುಂದೆ ಯಾರಾದರೂ ಯಾಕೆ ನಿಲ್ಲುತ್ತಾರೆ, ಮಾವ?

ನಿಮ್ಮ ಹತ್ತಿರ ಒಂದು ವಿಷಯ ಮುಚ್ಚಿಟ್ಟಿದ್ದೆ. ನಾನು ನಾಗಮಂಗಲ ತಾಲ್ಲೂಕು ಹೊಣಕೆರೆಯವಳು. ಪುಟ್ಟಗೌರಮ್ಮ ನನ್ನ ಅಮ್ಮ. ಪ್ರೊಫೆಸರಿಗೆ ಗೊತ್ತು, ಬೇಡ ಅಂದರು, ನಾನೇ ಹಟ ಮಾಡಿ ಈ ಕೆಲಸ ತೆಗೆದುಕೊಂಡೆ. ನಾನೂ ಅವತ್ತು ಆ ಹಾಲಿನಲ್ಲಿದ್ದೆ. ಪರದೆಗೆ ಬೆಂಕಿ ಹತ್ತಿದ್ದು ಕಂಡ ತಕ್ಷಣ ಅಮ್ಮನನ್ನು ಹಿಂದಿನ ಮೆಟ್ಟಿಲ ಕಡೆಗೆ ತಳ್ಳಿದವಳು ನಾನು. ನಮ್ಮ ಅಜ್ಜಿ ಚಲುವಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು. "ನೀನ್ ನಡಿಯಮ್ಮ, ಅಜ್ಜಿ ಕರ್ಕಂಡು ಹಿಂದ್ಗಡೇನೇ ಬತ್ತೀನಿ" ಎಂದೆ. ಜನರ ನೂಕುನುಗ್ಗಲು ನನ್ನನ್ನೂ ಅಜ್ಜಿಯನ್ನೂ ಮುಂಬಾಗಿಲಿನಿಂದ ಆಚೆ ಹಾಕಿತು. ನಾನು ಹಿಂದೆ ಹೋಗಲಿಲ್ಲ.

ಅಮ್ಮ ನನ್ನನ್ನು ಕಾಯುತ್ತಾ ನಿಂತಿದ್ದಳು. ಇನ್ನೇನು ಕಾರಣವಿದ್ದೀತು? ನಾನು ಬರುತ್ತೇನೆ ಅಂದದ್ದಕ್ಕೇ ಅವಳು ಒಳಗೆ ಹೋಗದೆ ನಿಂತಳು, ಹಿಂದಿನವರಿಗೂ ದಾರಿ ಬಿಡಲಿಲ್ಲ. ಆ ಒಂದು ಮಾತು ಆಡದಿದ್ದರೆ ಅವಳು ಬದುಕುತ್ತಿದ್ದಳು.

ಅವಳ ಮುಖ ಕೊನೆಗೆ ಕಂಡವರು ನೀವು. ಅವಳು ಕೆಳಗೆ ತಿರುಗಿ ನೋಡುತ್ತಿದ್ದಳಾ? ಏನಾದರೂ ಹೇಳಿದಳಾ? ಇಷ್ಟೇ ಹೇಳಿ.

ಸಹನ


ಚೆನ್ನೈ
17 ಮಾರ್ಚ್ 2025

ಕುಳ್ಳಯ್ಯ ಮಾವನಿಗೆ,

ಇಪ್ಪತ್ತು ದಿನವಾಯಿತು. ಕಾಗದ ತಲುಪಲಿಲ್ಲವೋ, ನಿಮಗೆ ಹುಷಾರಿಲ್ಲವೋ ತಿಳಿಯದೆ ಮತ್ತೆ ಫೋನ್ ಮಾಡಿದೆ. ಅತ್ತೆ ಎತ್ತಿಕೊಂಡು, "ಊಟಾನೇ ಮಾಡ್ತಾ ಇಲ್ಲ ಕಣವ್ವ, ನಿನ್ ಕಾಗ್ದ ಬಂದಾಗ್ನಿಂದ" ಎಂದು ಇಟ್ಟುಬಿಟ್ಟರು.

ನಿಮ್ಮನ್ನು ನೋಯಿಸಿದ್ದರೆ ಕ್ಷಮಿಸಿ. ಇನ್ನು ಕೇಳುವುದಿಲ್ಲ. ವರದಿ ಬರೆದು ಮುಗಿಸಿದ್ದೇನೆ. ಮುಂದಿದ್ದ ವ್ಯಕ್ತಿ ಮಗಳಿಗಾಗಿ ಕಾದು ನಿಂತದ್ದರಿಂದ ತಡವಾಯಿತು ಎಂದು ಬರೆದಿದ್ದೇನೆ. ಮಗಳ ಹೆಸರನ್ನೂ ಹಾಕಿದ್ದೇನೆ. 31ಕ್ಕೆ ಸಹಿ ಮಾಡುತ್ತೇನೆ.

ಸಹನ


ಚಿನಕುರಳಿ
23 ಮಾರ್ಚ್ 2025

ಸಹನವ್ವ,

ಸಹಿ ಮಾಡಬೇಡ. ಬಾಗಿಲು ತೆಗೆದಿರಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು. ಹಾಕಿದವನು ನಾನು.

ನೀನೂ ನಮ್ಮ ಕಡೆಯವಳೇ, ನಿನಗೆ ಗೊತ್ತಿರುವುದೇ. ಒಂದು ಪಂಕ್ತಿ ಎದ್ದ ಮೇಲೆ ಎಲೆ ಎತ್ತಿ, ಮೇಜು ಒರೆಸಿ, ಹೊಸ ಎಲೆ ಹಾಕುವ ತನಕ ಮೆಟ್ಟಿಲ ಕಡೆಯ ಬಾಗಿಲು ಹಾಕುತ್ತೇವೆ. ಹಾಕದಿದ್ದರೆ ಜನ ನುಗ್ಗಿ ಎಂಜಲೆಲೆಯ ಮುಂದೆಯೇ ಕೂತುಬಿಡುತ್ತಾರೆ. ಹಾಕಿದರೆ ಬಡಿಯುತ್ತಾರೆ. ಹಸಿದವರು ಬಡಿಯುತ್ತಾರೆ, ಬಸ್ಸು ತಪ್ಪುತ್ತದೆ ಅನ್ನುವವರು ಬಡಿಯುತ್ತಾರೆ, ಸುಮ್ಮನೆ ತಮಾಷೆಗೂ ಬಡಿಯುತ್ತಾರೆ. ಬಡಿಯದ ಮದುವೆಯನ್ನು ನಾನು ಕಂಡಿಲ್ಲ. ಮೂವತ್ತು ವರ್ಷ ಆ ಬಡಿತಕ್ಕೆ ಬೆನ್ನು ಹಾಕಿಕೊಂಡೇ ಕೆಲಸ ಮಾಡಿದ್ದೇನೆ.

ಅವತ್ತು ಎರಡನೇ ಪಂಕ್ತಿ ಎದ್ದಿತ್ತು. ಸ್ಪೀಕರಿನಲ್ಲಿ ಹಾಡು ಜೋರಾಗಿತ್ತು. ಬಾಗಿಲು ಬಡಿದರು. ನಾನು ಎಲೆ ಹಾಕಿಸುತ್ತಿದ್ದೆ. ಹೆಂಗಸಿನ ದನಿ, "ಕುಳ್ಳಯ್ಯಣ್ಣ, ಬಾಗ್ಲು ತಗಿಯಣ್ಣ!" ನಾನು ಎಲ್ಲರಿಗೂ ಗೊತ್ತಿರುವವನಲ್ಲವೇ, ಹೆಸರು ಹಿಡಿದು ಕೂಗಿದ್ದು ನನಗೆ ಹೊಸದೆನಿಸಲಿಲ್ಲ. "ತಡ್ಕಳವ್ವ, ಪಾಯ್ಸ ಎಲ್ಗೂ ಓಡೋಗಕಿಲ್ಲ" ಎಂದೆ. ಬಡಿಸುವವರೆಲ್ಲ ನಕ್ಕರು. ಮತ್ತೆ ಬಡಿದಳು. "ನನ್ ಮಗ್ಳು ಹಿಂದೆ ಬತ್ತಾವ್ಳೆ, ಬಿರ್‌ಬಿರ್ನೆ ತಗಿಯಣ್ಣ" ಅಂದಳು. "ನಿನ್ ಮಗ್ಳಿಗೂ ಒಂದೆಲೆ ಮಡಗಿಸ್ತೀನಿ, ತಡ್ಕೊ" ಎಂದೆ. ಬೆಂಕಿ ಎಂದೂ ಕೂಗಿದಳೇನೋ, ಹಾಡಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಆಮೇಲೆ ಬಡಿತ ನಿಂತಿತು. ಅಬ್ಬಾ, ಹೋದರು ಎಂದುಕೊಂಡೆ. ಬಾಗಿಲ ಕೆಳಗಿನ ಸಂದಿನಿಂದ ಕಪ್ಪು ಹೊಗೆ ಬಂದದ್ದು ಆಗ.

ಚಿಲಕ ತೆಗೆದಾಗ ನಿಮ್ಮವ್ವ ಬಾಗಿಲಿಗೇ ಒರಗಿದ್ದಳು, ಒಳಕ್ಕೆ ಬಿದ್ದಳು. ಅವಳು ಅಲುಗಲಿಲ್ಲ, ಇನ್ನೂ ಕೆಮ್ಮುತ್ತಿದ್ದ ಹಿಂದಿನ ಐವರನ್ನು ಮೊದಲು ಎಳೆದೆ. ಅವಳನ್ನು ಹೊಸ್ತಿಲಿನಲ್ಲೇ ದಾಟಿ ದಾಟಿ ಹೋದೆ. ಹೊಗೆ ಕುಡಿದು ನನ್ನ ಗಂಟಲು ಹೋಯಿತು, ಹೋಗಲಿ. ಬಾಗಿಲು ತೆಗೆದೇ ಇತ್ತು ಎಂದು ಆಸ್ಪತ್ರೆಯಲ್ಲಿ ಬರೆದುಕೊಟ್ಟೆ. ಬಡಿಸುವ ನಾಲ್ವರೂ ನನ್ನ ಮುಖ ನೋಡಿ ಹಾಗೆಯೇ ಹೇಳಿದರು. ಶಾಲು ಹೊದಿಸಿದ ದಿನ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಅವಳಿಗೆ ಹತ್ತಲಾಗಲಿಲ್ಲ ಎಂದು ನಿನಗೇ ಬರೆದೆನಲ್ಲ, ಆ ಕೈಗೆ ಹುಳ ಬೀಳಲಿ.

ನಿನ್ನ ಕಾಗದ ಬಂದಮೇಲೆ ಎರಡು ಸಲ ಉತ್ತರ ಬರೆದು ಒಲೆಗೆ ಹಾಕಿದೆ. ಮೊನ್ನೆ ಛತ್ರದ ಯಜಮಾನರು ಕರೆಸಿದ್ದರು. ಅಕ್ಷಯ ತದಿಗೆಗೆ ಮೊದಲ ಮದುವೆಯಂತೆ, ಪಂಕ್ತಿ ನೋಡಿಕೊಳ್ಳಲು ನಾನೇ ಬೇಕಂತೆ. ಊಟದ ಮನೆಗೆ ಹೊಸ ಬಾಗಿಲು ಹಾಕಿಸಿದ್ದಾರೆ. ಮುಟ್ಟಿ ತೋರಿಸಿ, "ಈ ಸಲ ಚಿಲ್ಕ ಗಟ್ಟಿದು ಆಕ್ಸಿವ್ನಿ ಕಣ್ಲಾ ಕುಳ್ಳಯ್ಯ, ಅದೆಷ್ಟ್ ಬಡುದ್ರೂ ಅಲ್ಲಾಡಕಿಲ್ಲ" ಎಂದರು. ಅಲ್ಲೇ ಕೂತುಬಿಟ್ಟೆ. ಮನೆಗೆ ಬಂದರೆ ನಿನ್ನ ಇನ್ನೊಂದು ಕಾಗದ ಕಾದಿತ್ತು.

ಹಿಂದಿದ್ದವರಿಗೆ ಆ ಇಕ್ಕಟ್ಟಿನಲ್ಲಿ ಅವಳ ಬೆನ್ನು ಮಾತ್ರ ಕಂಡಿತು, ಬಾಗಿಲು ಕಾಣಲಿಲ್ಲ. ನಿಮ್ಮವ್ವ ನಿನ್ನನ್ನು ಕಾಯುತ್ತಾ ನಿಲ್ಲಲಿಲ್ಲ. ನೀನು ಬರುವಷ್ಟರಲ್ಲಿ ಬಾಗಿಲು ತೆಗೆಸಬೇಕೆಂದು ಬಡಿಯುತ್ತಿದ್ದಳು. ನಿನ್ನ ಹೆಸರು ತೆಗೆ. ಅಲ್ಲಿ ನನ್ನ ಹೆಸರು ಹಾಕು.

ಕುಳ್ಳಯ್ಯ


ಚೆನ್ನೈ
30 ಮಾರ್ಚ್ 2025

ಕುಳ್ಳಯ್ಯನವರಿಗೆ,

ಮಾವ ಎಂದು ಬರೆಯಲು ನೋಡಿದೆ. ಆಗಲಿಲ್ಲ.

ನಿಮ್ಮ ಕಾಗದ ಬಂದ ದಿನ ಓದಿ, ಮಡಿಸಿಟ್ಟು, ಲ್ಯಾಬಿಗೆ ಹೋದೆ. ಪರದೆಯ ಮೇಲೆ ಊಟದ ಮನೆಯ ಬಾಗಿಲನ್ನು ಮುಚ್ಚಿದೆ. ಒಂದು ಗೆರೆ ಎಳೆದರೆ ಆಯಿತು, ಅಷ್ಟೇ ಕೆಲಸ. ಅಮ್ಮನ ಚುಕ್ಕಿಗೆ ಹಾಕಿದ್ದ ಸೊನ್ನೆಯನ್ನು ಅಳಿಸಿ, ಮೊಣಕಾಲು ನೋವಿನ ಹೆಂಗಸಿನ ಮಾಮೂಲು ವೇಗ ಕೊಟ್ಟೆ. ಇಪ್ಪತ್ತೆಂಟು ಸೆಕೆಂಡಿನಲ್ಲಿ ಅವಳು ಹದಿನಾಲ್ಕೂ ಮೆಟ್ಟಿಲು ಹತ್ತಿದಳು. ಆಗಿನ್ನೂ ಅವಳಿಗೆ ಹತ್ತು ಮೀಟರ್ ಕಾಣುತ್ತಿತ್ತು. ಐವತ್ತು ಸೆಕೆಂಡಿಗೆ ಮೂರು ಮೀಟರ್. ಒಂದು ನಿಮಿಷ ಕಳೆದ ಮೇಲೆ ನಿಮ್ಮ ಒಂದು ಮಾರೂ ಇಲ್ಲ. ಕೆಳಗಿನ ಮೆಟ್ಟಿಲಿನವರಿಗೆ ಉಸಿರಾಡಲು ಗಾಳಿಯಿತ್ತು. ಎಲ್ಲರಿಗಿಂತ ಮೇಲಿದ್ದವಳಿಗೆ ಇರಲಿಲ್ಲ. ಒಂದು ವರ್ಷದಲ್ಲಿ ಮೊದಲ ಸಲ ಪರದೆಯ ಮೇಲಿನ ಬೆಂಕಿಯೂ ಅವತ್ತಿನ ಬೆಂಕಿಯೂ ಒಂದೇ ಆದವು.

ನಾನು ತೋರಿಸಿದ ದಾರಿ ಸರಿಯಾಗಿತ್ತು. ಇದನ್ನು ತಿಳಿಯುವುದಕ್ಕೇ ಇಷ್ಟೆಲ್ಲ ಮಾಡಿದ್ದು. ತಿಳಿದ ಮೇಲೆ ನೆಮ್ಮದಿ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ನಿಮ್ಮ ಮೇಲೆ ಕೆಂಡದಂಥ ಕೋಪ ಬಂತು. ನಕ್ಕಿರಲ್ಲ ಎಂದು ರಾತ್ರಿಯೆಲ್ಲ ಹಲ್ಲು ಕಡಿದೆ. ಆಮೇಲೆ ನೆನಪಾಯಿತು, ನಾನೂ ಎಷ್ಟೋ ಮದುವೆಗಳಲ್ಲಿ ಅಂಥ ಬಾಗಿಲು ಬಡಿದಿದ್ದೇನೆ. ಒಳಗಿನಿಂದ ಬಂದ ಉತ್ತರಕ್ಕೆ ನಾನೂ ಅಮ್ಮನೂ ಹೊರಗೆ ನಿಂತು ನಕ್ಕಿದ್ದೇವೆ.

ಹಳೆಯ ವರದಿ ಹರಿದುಹಾಕಿದೆ. ಪಂಕ್ತಿಯ ನಡುವೆ ಬಾಗಿಲಿಗೆ ಚಿಲಕ ಹಾಕುವ ಪದ್ಧತಿಯೇ ಕಾರಣ ಎಂದು ಬರೆದಿದ್ದೇನೆ. ಊಟದ ಮನೆಯ ಬಾಗಿಲಿಗೆ ಚಿಲಕವೇ ಇರಕೂಡದು, ತಳ್ಳಿದರೆ ತೆರೆದುಕೊಳ್ಳಬೇಕು, ಅಲ್ಲಿಯವರೆಗೆ ಆ ಛತ್ರದಲ್ಲಿ ಮದುವೆ ಬೇಡ ಎಂದೂ ಬರೆದಿದ್ದೇನೆ. ನಿಮ್ಮ ಹೆಸರು ಹಾಕಿದ್ದೇನೆ, ನೀವು ಕೇಳಿದ್ದೀರಿ ಎಂಬ ಕಾರಣಕ್ಕಲ್ಲ, ನಿಜವಾದ್ದರಿಂದ. ಐವರನ್ನು ಎಳೆದವರೂ ನೀವೇ ಎಂಬುದನ್ನೂ ಅದರ ಪಕ್ಕದಲ್ಲೇ ಬರೆದಿದ್ದೇನೆ.

ಏಪ್ರಿಲ್ 17ಕ್ಕೆ ಮಂಡ್ಯದಲ್ಲಿ ಸಮಿತಿಯ ಸಭೆ. ಕಾಗದದ ಮೇಲಿನ ಚುಕ್ಕಿಗಳನ್ನು ಛತ್ರದ ಯಜಮಾನರು ನಂಬುವುದಿಲ್ಲ. ನೀವು ಬರಬೇಕು. ನಾನು ಹೊಣಕೆರೆಯಿಂದ ಮೊದಲ ಬಸ್ಸಿಗೆ ಬರುತ್ತೇನೆ. ನೀವು ಪಿಸುಗುಟ್ಟಿದರೆ ಸಾಕು, ಪಕ್ಕದಲ್ಲಿ ನಿಂತು ನಾನು ಗಟ್ಟಿಯಾಗಿ ಹೇಳುತ್ತೇನೆ.

ಚಿಲಕದ ವಿಷಯ ಹೇಳಿ. ಬಡಿತದ ವಿಷಯ ಹೇಳಿ. ಪಾಯಸದ ಮಾತನ್ನೂ ಹೇಳಿ. ನನಗೊಂದು ಎಲೆ ಮಡಗಿಸುತ್ತೇನೆ ಅಂದಿರಲ್ಲ, ಅದನ್ನು ಮಾತ್ರ ಅಲ್ಲಿ ಹೇಳಬೇಡಿ. ಅದನ್ನು ನನ್ನ ಬಾಯಿಂದ ಗಟ್ಟಿಯಾಗಿ ಹೇಳಲು ನನಗೆ ಆಗುವುದಿಲ್ಲ.

ಸಹನ